ಎರಡು ಬ್ಯಾಂಡ್, ಒಂದು ತೂಗಾಟ: 1966ರ ಲೆಕ್ಕಕ್ಕೆ 2007ರ ಉತ್ತರ



ಟೂ ಬ್ಯಾಂಡ್ ರೇಡಿಯೋ ನಿಮಗೆ ನೆನಪಿದೆಯೇ? ಈಗ ನೀವು ಮುಂಬಯಿಯಲ್ಲಿರಬಹುದು, ಪುಣೆಯಲ್ಲಿರಬಹುದು, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿರಬಹುದು. ಊರಿನ ಮನೆಯಲ್ಲಿ ಗೋಡೆಗೆ ಹೊಡೆದ ಹಲಗೆಯ ಮೇಲೆ ಅಂಥದೊಂದು ಪೆಟ್ಟಿಗೆ ಇದ್ದಿರಲೇಬೇಕು. ಗುಂಡಿಯನ್ನು ಈ ಕಡೆ ತಿರುಗಿಸಿದರೆ ಮೀಡಿಯಂ ವೇವ್, ಆ ಕಡೆ ತಿರುಗಿಸಿದರೆ ಶಾರ್ಟ್ ವೇವ್. ಒಮ್ಮೆಗೆ ಒಂದೇ ಬ್ಯಾಂಡ್. ಎರಡನ್ನೂ ಒಟ್ಟಿಗೆ ಕೇಳುವ ಹಾಗಿರಲಿಲ್ಲ.

ಲೋಹಗಳ ಒಳಗೂ ಬ್ಯಾಂಡುಗಳಿವೆ. ಎಲೆಕ್ಟ್ರಾನುಗಳು ತಮಗೆ ತೋಚಿದಷ್ಟು ಶಕ್ತಿ ಇಟ್ಟುಕೊಂಡು ಓಡಾಡುವಂತಿಲ್ಲ. ಅವುಗಳ ಶಕ್ತಿಗೆ ಗೊತ್ತಾದ ಪಟ್ಟಿಗಳಿವೆ. ಆ ಪಟ್ಟಿಗಳಿಗೇ ವಿಜ್ಞಾನಿಗಳು ಬ್ಯಾಂಡ್ ಎನ್ನುತ್ತಾರೆ. ಹೆಸರು ರೇಡಿಯೋದ್ದೇ, ಸಂಗತಿ ಬೇರೆ. ಕೆಲವು ಪದಾರ್ಥಗಳಲ್ಲಿ ವಿದ್ಯುತ್ ಸಾಗಿಸುವ ಎಲೆಕ್ಟ್ರಾನುಗಳು ಎರಡು ಬ್ಯಾಂಡಿಗೆ ಸೇರಿರುತ್ತವೆ. ಅಲ್ಲಿ ಗುಂಡಿ ತಿರುಗಿಸುವ ಪ್ರಶ್ನೆಯೇ ಇಲ್ಲ, ಎರಡೂ ಒಟ್ಟಿಗೇ ನುಡಿಯುತ್ತವೆ. ಹಾಗೆ ನುಡಿಯುವಾಗ ಅವೆರಡರ ನಡುವೆ ಒಂದು ಸಣ್ಣ ತೂಗಾಟ ಇರಬೇಕು ಎಂದು 1966ರಲ್ಲಿ ಒಬ್ಬ ತರುಣ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ. ಅದನ್ನು ಪ್ರಯೋಗದಲ್ಲಿ ಸ್ಪಷ್ಟವಾಗಿ ಕಂಡದ್ದು 2007ರಲ್ಲಿ. ನಡುವೆ ನಲವತ್ತೊಂದು ವರ್ಷ! ಈ ಸಲದ ಕಥೆ ಆ ನಲವತ್ತೊಂದು ವರ್ಷದ್ದು.

ವಿಜ್ಞಾನ ಎಂದ ಕೂಡಲೇ ಪುಟ ತಿರುಗಿಸಬೇಡಿ. ಇದನ್ನು ಬರೆಯುತ್ತಿರುವವನು ಓದಿದ್ದು ಕನ್ನಡ ಬಿ.ಎ. ಕಥೆಯ ನಾಯಕ ಕೂಡ ಮೊದಲು ಓದಿದ್ದು ಗ್ರೀಕ್ ಮತ್ತು ಲ್ಯಾಟಿನ್ನೇ.

ಪಾದರಸದಿಂದ ಶುರು

ಹಾಲೆಂಡಿನ ಲೈಡನ್ ನಗರದಲ್ಲಿ ಹೈಕೆ ಕ್ಯಾಮರ್ಲಿಂಗ್ ಓನ್ನೆಸ್ ಎಂಬ ವಿಜ್ಞಾನಿ 1908ರಲ್ಲಿ ಹೀಲಿಯಂ ಅನಿಲವನ್ನು ಮೊದಲ ಬಾರಿಗೆ ದ್ರವವಾಗಿಸಿದರು. ಅಷ್ಟು ಚಳಿ ಭೂಮಿಯ ಮೇಲೆ ಬೇರೆಲ್ಲೂ ಇರಲಿಲ್ಲ. ಆ ಚಳಿಯಲ್ಲಿ ಲೋಹಗಳು ಹೇಗಿರುತ್ತವೆ ಎಂದು ಒಂದೊಂದಾಗಿ ನೋಡುತ್ತ ಬಂದ ಅವರು 1911ರ ಏಪ್ರಿಲ್‌ನಲ್ಲಿ ಪಾದರಸವನ್ನು ಪರೀಕ್ಷೆಗೆ ಇಟ್ಟರು. ಉಷ್ಣತೆ 4.2 ಕೆಲ್ವಿನ್, ಅಂದರೆ ಸೊನ್ನೆಗಿಂತ ಸುಮಾರು 269 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದಾಗ ಪಾದರಸದ ವಿದ್ಯುತ್ ರೋಧ ಇದ್ದಕ್ಕಿದ್ದಂತೆ ಮಾಯವಾಯಿತು. ಕಡಿಮೆಯಾದದ್ದಲ್ಲ, ಮಾಯ. ಇದೇ ಅತಿವಾಹಕತೆ, ಸೂಪರ್ ಕಂಡಕ್ಟಿವಿಟಿ. 1913ರಲ್ಲಿ ಓನ್ನೆಸ್ ಅವರಿಗೆ ನೊಬೆಲ್ ಬಂತು.

ಹೀಗೇಕೆ ಆಗುತ್ತದೆ ಎಂದು ತಿಳಿಯಲು ಮತ್ತೆ ನಲವತ್ತಾರು ವರ್ಷ ಹಿಡಿಯಿತು. 1957ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾದಲ್ಲಿ ಜಾನ್ ಬಾರ್ಡೀನ್, ಲಿಯೋನ್ ಕೂಪರ್, ರಾಬರ್ಟ್ ಶ್ರಿಫರ್ ಮೂವರು ಸೇರಿ ಇದಕ್ಕೆ ಕಾರಣ ಹೇಳಿದರು. ಮೂವರ ಹೆಸರಿನ ಮೊದಲ ಅಕ್ಷರ ಸೇರಿಸಿ ಅದನ್ನು ಬಿಸಿಎಸ್ ಸಿದ್ಧಾಂತ ಎನ್ನುತ್ತಾರೆ.

ಅದರ ತಿರುಳು ಇಷ್ಟು. ಬೆಳಿಗ್ಗೆ ಒಂಬತ್ತು ಗಂಟೆಗೆ ದಾದರ್ ಸ್ಟೇಷನ್ ನೋಡಿದ್ದೀರಲ್ಲ? ಪ್ರತಿಯೊಬ್ಬರಿಗೂ ಅವರವರ ಅವಸರ. ಭುಜಕ್ಕೆ ಭುಜ ತಾಗುತ್ತದೆ, ಚೀಲ ಕಂಬಕ್ಕೆ ಬಡಿಯುತ್ತದೆ, ಬೆವರು ಸುರಿಯುತ್ತದೆ. ಮಾಮೂಲಿ ತಂತಿಯೊಳಗೆ ಎಲೆಕ್ಟ್ರಾನುಗಳ ಪಾಡೂ ಅದೇ. ಆ ತಾಕಲಾಟವೇ ರೋಧ, ಆ ಬೆವರೇ ತಂತಿ ಬಿಸಿಯಾಗುವುದು. ತುಂಬ ಚಳಿಯಾದಾಗ ಕೆಲವು ಪದಾರ್ಥಗಳಲ್ಲಿ ಎಲೆಕ್ಟ್ರಾನುಗಳು ಎರಡೆರಡಾಗಿ ಜೋಡಿಯಾಗುತ್ತವೆ. ಅಷ್ಟೇ ಅಲ್ಲ, ಕೋಟ್ಯಂತರ ಜೋಡಿಗಳೆಲ್ಲ ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತವೆ. ಆಗ ಯಾರೂ ಯಾರಿಗೂ ತಾಗುವುದಿಲ್ಲ. ಒಂದು ಜೋಡಿಯನ್ನು ಬಿಡಿಸಬೇಕಾದರೆ ಇಂತಿಷ್ಟು ಶಕ್ತಿ ಕೊಡಲೇಬೇಕು. ಆ ಕನಿಷ್ಠ ಶಕ್ತಿಗೆ ಸಂಬಂಧಿಸಿದ ಅಂತರಕ್ಕೆ ಗ್ಯಾಪ್ ಎಂದು ಹೆಸರು.

ಡೊಳ್ಳಿನ ತಂಡ ಮತ್ತು ಸಾಮೂಹಿಕ ಕಂಪನ

ಇನ್ನು ಮುಂದಿನದಕ್ಕೆ ದಾದರ್ ಸಾಲದು, ಡೊಳ್ಳು ಕುಣಿತದ ತಂಡ ಬೇಕು. ನೂರು ಜನ ಒಂದೇ ತಾಳಕ್ಕೆ ಡೊಳ್ಳು ಬಾರಿಸುತ್ತಿದ್ದಾರೆ ಎಂದುಕೊಳ್ಳಿ. ಈ ಬಾರಿಸುವಿಕೆಯಲ್ಲಿ ಎರಡು ಸಂಗತಿಗಳಿವೆ: ಪೆಟ್ಟಿನ ಬಿರುಸು ಒಂದು, ಪೆಟ್ಟು ಬೀಳುವ ಹೊತ್ತು ಇನ್ನೊಂದು. ಅತಿವಾಹಕದಲ್ಲೂ ಹೀಗೇ. ಬಿರುಸಿಗೆ ಆಂಪ್ಲಿಟ್ಯೂಡ್ ಎನ್ನುತ್ತಾರೆ, ಹೊತ್ತಿಗೆ ಫೇಸ್ ಎನ್ನುತ್ತಾರೆ. ಒಬ್ಬನೇ ತಪ್ಪಿದರೆ ಅದು ಅವನ ತಪ್ಪು. ತಂಡಕ್ಕೆ ತಂಡವೇ ಬಿರುಸಿನಲ್ಲಾಗಲಿ ಹೊತ್ತಿನಲ್ಲಾಗಲಿ ಅಲೆಯಂತೆ ಏರಿಳಿದರೆ ಅದು ಸಾಮೂಹಿಕ ಕಂಪನ. ಅತಿವಾಹಕಗಳಲ್ಲಿ ಈ ಕಂಪನಗಳನ್ನು ಹುಡುಕುವುದೇ ನಮ್ಮ ಕಥೆಯ ವಸ್ತು.

ಮೊದಲು ಹೊತ್ತಿನ ಕಂಪನ. ಬೆಲ್ ಲ್ಯಾಬ್ಸ್‌ನ ಫಿಲಿಪ್ ಆಂಡರ್ಸನ್ 1958ರಲ್ಲಿ ಇದನ್ನು ಲೆಕ್ಕ ಹಾಕಿದರು. ಸೋವಿಯತ್ ರಷ್ಯಾದಲ್ಲಿ ಬೊಗೊಲ್ಯುಬೊವ್, ಅಮೆರಿಕದಲ್ಲಿದ್ದ ನಂಬು ಕೂಡ ಇದೇ ದಾರಿಯಲ್ಲಿದ್ದರು. ಎಲೆಕ್ಟ್ರಾನಿಗೆ ವಿದ್ಯುದಂಶ ಇದೆ. ಹೊತ್ತು ಏರುಪೇರಾದರೆ ಒಂದು ಕಡೆ ಎಲೆಕ್ಟ್ರಾನುಗಳ ಗುಂಪು ಹೆಚ್ಚುತ್ತದೆ, ಇನ್ನೊಂದು ಕಡೆ ಕಡಿಮೆಯಾಗುತ್ತದೆ. ಹಾಗಾದ ಕೂಡಲೇ ವಿದ್ಯುತ್ ಬಲ ಭಾರೀ ಜೋರಿನಿಂದ ಗುಂಪನ್ನು ಹಿಂದಕ್ಕೆ ತಳ್ಳುತ್ತದೆ. ಹೀಗಾಗಿ ಮೆಲ್ಲಗೆ ಆಗಬೇಕಾಗಿದ್ದ ಕಂಪನ ಮಹಾ ವೇಗದ ಕಂಪನವಾಗಿ, ಜೋಡಿಗಳ ಲೋಕಕ್ಕೆ ನಿಲುಕದಷ್ಟು ಎತ್ತರದ ಶಕ್ತಿಗೆ ಹೋಗಿಬಿಡುತ್ತದೆ. 1963ರಲ್ಲಿ ಆಂಡರ್ಸನ್ ಇದೇ ವಿಚಾರವನ್ನು ಮುಂದುವರಿಸಿ, ಕಣಗಳ ದ್ರವ್ಯರಾಶಿಯ ಒಗಟಿಗೂ ಇದಕ್ಕೂ ನಂಟಿದೆ ಎಂದರು. 1964ರಲ್ಲಿ ಪೀಟರ್ ಹಿಗ್ಸ್ ಮತ್ತಿತರರು ಬರೆದದ್ದಕ್ಕೂ ಇದಕ್ಕೂ ಅಣ್ಣತಮ್ಮಂದಿರ ಸಂಬಂಧ. 2012ರ ಜುಲೈಯಲ್ಲಿ ಹಿಗ್ಸ್ ಬೋಸಾನ್ ಸಿಕ್ಕಿತೆಂದು ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಬಂತಲ್ಲ, ಅದರ ಬೇರು ಇಲ್ಲೂ ಇದೆ.

ಇನ್ನು ಬಿರುಸಿನ ಕಂಪನ. ಈಗ ಅದನ್ನು ಅತಿವಾಹಕದ ಹಿಗ್ಸ್ ಕಂಪನ ಎಂದೇ ಕರೆಯುತ್ತಾರೆ. 1980ರಲ್ಲಿ ಇಲಿನಾಯ್‌ನ ಸೂರ್ಯಕುಮಾರ್ ಮತ್ತು ಮೈಲ್ಸ್ ಕ್ಲೈನ್ ನಯೋಬಿಯಂ ಸೆಲೆನೈಡ್ ಎಂಬ ಪದಾರ್ಥದ ಮೇಲೆ ಬೆಳಕು ಬಿಟ್ಟು ನೋಡಿದಾಗ ನಿರೀಕ್ಷೆಯಿಲ್ಲದ ಒಂದು ಗುರುತು ಕಂಡರು. ಮರುವರ್ಷ ಪೀಟರ್ ಲಿಟಲ್‌ವುಡ್ ಮತ್ತು ಭಾರತ ಮೂಲದ ಚಂದ್ರ ವರ್ಮ ಅದು ಈ ಬಿರುಸಿನ ಕಂಪನವೇ ಎಂದು ವಿವರಿಸಿದರು. ಮೈಲ್ಸ್ ಕ್ಲೈನ್ ಎಂಬ ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಎರಡು ಸಾಲಿನ ತಂಡ

ಇಷ್ಟು ಹೊತ್ತು ಮಾತಾಡಿದ್ದು ಒಂದೇ ಸಾಲಿನ ತಂಡದ ಬಗ್ಗೆ. 1959ರಲ್ಲಿ ಬೆಲ್ ಲ್ಯಾಬ್ಸ್‌ನ ಸೂಲ್, ಮಥಾಯಸ್, ವಾಕರ್ ಮೂವರು ಒಂದು ಪ್ರಶ್ನೆ ಎತ್ತಿದರು: ಎಲೆಕ್ಟ್ರಾನುಗಳು ಎರಡು ಬ್ಯಾಂಡುಗಳಿಗೆ ಸೇರಿದ್ದರೆ ಏನಾಗುತ್ತದೆ? ಅದೇ ವರ್ಷ ಮಾಲ್ದೋವಾದ ಮೋಸ್ಕಲೆಂಕೋ ಸ್ವತಂತ್ರವಾಗಿ ಅದೇ ಪ್ರಶ್ನೆಗೆ ಉತ್ತರ ಬರೆದರು. ಇಬ್ಬರ ಉತ್ತರವೂ ಒಂದೇ: ಎರಡು ಬ್ಯಾಂಡಿನ ಜೋಡಿಗಳಿಗೆ ಬೇರೆ ಬೇರೆ ಗ್ಯಾಪ್ ಇರಬಹುದು, ಆದರೂ ಎರಡೂ ಒಂದೇ ಉಷ್ಣತೆಯಲ್ಲಿ ಅತಿವಾಹಕವಾಗುತ್ತವೆ.

ಡೊಳ್ಳಿನ ಭಾಷೆಯಲ್ಲಿ ಹೇಳುವುದಾದರೆ ಒಂದೇ ಅಂಗಳದಲ್ಲಿ ಎರಡು ಸಾಲು. ಈ ಸಾಲುಗಳು ಬೇರೆ ಬೇರೆ ಜಾಗದಲ್ಲಿ ನಿಂತಿಲ್ಲ, ಒಂದರೊಳಗೊಂದು ಬೆರೆತಿವೆ ಎಂಬುದಷ್ಟೇ ವ್ಯತ್ಯಾಸ. ಒಂದು ಸಾಲಿನವರದು ಗಟ್ಟಿ ಪೆಟ್ಟು, ಇನ್ನೊಂದು ಸಾಲಿನವರದು ಮೆಲು ಪೆಟ್ಟು. ಸಾಲು ಸಾಲಿನ ನಡುವೆ ಕಣ್ಣಸನ್ನೆಯ ಒಂದು ನಂಟಿದೆ, ಅದರಿಂದಲೇ ತಾಳ ಒಂದಾಗಿದೆ.

ಹಾಗಾದರೆ ಒಂದು ಸಾಲು ತುಸು ಮುಂದೆ ಹೋಗಿ, ಇನ್ನೊಂದು ತುಸು ಹಿಂದೆ ಬಿದ್ದು, ಮತ್ತೆ ಇದು ಮುಂದೆ ಅದು ಹಿಂದೆ ಎಂದು ತೂಗಾಡಬಹುದಲ್ಲ? ಈ ಪ್ರಶ್ನೆ ಕೇಳಿದವರು ಆಂಟನಿ ಲೆಗೆಟ್.

ಕ್ಯೋಟೋದಲ್ಲಿ ಒಬ್ಬ ಇಂಗ್ಲಿಷರವ

ಲೆಗೆಟ್ ಹುಟ್ಟಿದ್ದು 1938ರಲ್ಲಿ, ಲಂಡನ್‌ನಲ್ಲಿ. ಆಕ್ಸ್‌ಫರ್ಡಿನಲ್ಲಿ ಮೊದಲು ಓದಿದ್ದು ಗ್ರೀಕ್, ಲ್ಯಾಟಿನ್, ತತ್ತ್ವಶಾಸ್ತ್ರ, ಪ್ರಾಚೀನ ಇತಿಹಾಸ. ಆ ಪದವಿ ಮುಗಿದ ಮೇಲೆ ಮತ್ತೆ ಮೊದಲಿನಿಂದ ಭೌತಶಾಸ್ತ್ರದ ಪದವಿ ಓದಿದರು. ಡಾಕ್ಟರೇಟ್ ಮುಗಿಸಿ 1964ರಲ್ಲಿ ಒಂದು ವರ್ಷ ಅರ್ಬಾನಾಕ್ಕೆ ಹೋದರು. ಬಿಸಿಎಸ್ ಸಿದ್ಧಾಂತ ಹುಟ್ಟಿದ ಊರೇ ಅದು. ಅಲ್ಲಿಂದ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯ, ಪ್ರೊಫೆಸರ್ ಮತ್ಸುಬಾರ ಅವರ ಬಳಗ.

ಆ ಕಾಲದಲ್ಲಿ ಪಶ್ಚಿಮದ ತರುಣ ವಿಜ್ಞಾನಿಗಳು ಜಪಾನಿಗೆ ಹೋಗುವುದು ಅಪರೂಪ. ಲೆಗೆಟ್ ಹೋದದ್ದಷ್ಟೇ ಅಲ್ಲ, ಜಪಾನೀ ಭಾಷೆಯನ್ನೂ ಕಲಿತರು. ಪರಊರಿಗೆ ಬಂದು ಅಲ್ಲಿನ ನುಡಿ ಕಲಿತವರಿಗೆ, ಅಂದರೆ ನಿಮಗೆ, ಇದರ ಬೆಲೆ ಗೊತ್ತು. ಅವರು ಬರಿಗೈಯಲ್ಲಿ ಕಲಿಯಲಿಲ್ಲ, ತಿರುಗಿ ಕೊಟ್ಟರು ಕೂಡ. ಇಂಗ್ಲಿಷಿನಲ್ಲಿ ವಿಜ್ಞಾನ ಬರೆಯುವಾಗ ಜಪಾನೀ ವಿಜ್ಞಾನಿಗಳು ಎಲ್ಲಿ ಎಡವುತ್ತಾರೆ ಎಂಬ ಬಗ್ಗೆ 1966ರಲ್ಲಿ ಅವರೊಂದು ಟಿಪ್ಪಣಿ ಬರೆದರು. ಜಪಾನಿನ ಭೌತಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಬಂದ ಆ ಟಿಪ್ಪಣಿ ಅಲ್ಲಿ ಬಹಳ ವರ್ಷ ಕೈಯಿಂದ ಕೈಗೆ ಓಡಾಡಿತು. ಜಪಾನೀ ಬರಹದಲ್ಲಿ ಕೊನೆಯವರೆಗೆ ಓದಿದ ಮೇಲೆ ಹಿಂದಿನದರ ಅರ್ಥ ತೆರೆದುಕೊಂಡರೂ ನಡೆಯುತ್ತದೆ. ಇಂಗ್ಲಿಷ್ ಓದುಗನಿಗೆ ಮಾತು ಎತ್ತ ಹೊರಟಿದೆ ಎಂದು ಮೊದಲೇ ತಿಳಿಯಬೇಕು ಎಂಬುದು ಅವರ ಒಂದು ಮುಖ್ಯ ಮಾತು. ನಮ್ಮ ಕನ್ನಡದಲ್ಲೂ ಕ್ರಿಯಾಪದ ಬರುವುದು ಕೊನೆಗೆ ತಾನೇ? ಆದ್ದರಿಂದ ಆ ಕಷ್ಟ ನಮಗೂ ಪರಿಚಿತ.

ಅದೇ 1966ರಲ್ಲಿ ಕ್ಯೋಟೋದಿಂದ ಹೊರಡುತ್ತಿದ್ದ 'ಪ್ರೋಗ್ರೆಸ್ ಆಫ್ ಥಿಯರೆಟಿಕಲ್ ಫಿಸಿಕ್ಸ್' ಎಂಬ ಪತ್ರಿಕೆಯಲ್ಲಿ ಲೆಗೆಟ್ ಅವರ ಲೇಖನ ಬಂತು. ಎರಡು ಬ್ಯಾಂಡಿನ ಅತಿವಾಹಕದಲ್ಲಿ ಎಣಿಕೆ ಮತ್ತು ಫೇಸ್ ಹೇಗೆ ತೂಗಾಡುತ್ತವೆ ಎಂಬುದೇ ಅದರ ವಿಷಯ. ಅವರಿಗಾಗ ಇಪ್ಪತ್ತೆಂಟು ವರ್ಷ.

ಅವರ ಚಾತುರ್ಯ ನೋಡಿ. ಇಡೀ ತಂಡದ ಹೊತ್ತು ಕದಲಿದರೆ ವಿದ್ಯುತ್ ಬಲ ತಕರಾರು ತೆಗೆಯುತ್ತದೆ ಎಂದು ಆಂಡರ್ಸನ್ ತೋರಿಸಿದ್ದರು. ಆದರೆ ಎರಡು ಸಾಲುಗಳು ಒಂದಕ್ಕೊಂದು ಎದುರಾಗಿ ತೂಗಾಡಿದರೆ? ಆಗ ಈ ಸಾಲಿನ ನಾಲ್ಕು ಜನ ಆ ಸಾಲಿಗೆ ಹೋಗುತ್ತಾರೆ, ಮರುಗಳಿಗೆಯಲ್ಲಿ ಆ ಸಾಲಿನ ನಾಲ್ವರು ಈ ಸಾಲಿಗೆ ಬರುತ್ತಾರೆ. ಅಂಗಳದಲ್ಲಿರುವ ಒಟ್ಟು ಜನ ಎಷ್ಟಿದ್ದರೋ ಅಷ್ಟೇ! ಒಟ್ಟು ವಿದ್ಯುದಂಶ ಎಲ್ಲೂ ಹೆಚ್ಚಲಿಲ್ಲ, ಎಲ್ಲೂ ಕಡಿಮೆಯಾಗಲಿಲ್ಲ. ವಿದ್ಯುತ್ ಬಲಕ್ಕೆ ತಕರಾರು ತೆಗೆಯಲು ಕಾರಣವೇ ಇಲ್ಲ. ಇಲ್ಲಿ ಸ್ಪ್ರಿಂಗಿನ ಕೆಲಸ ಮಾಡುವುದು ಸಾಲುಗಳ ನಡುವಿನ ಆ ಕಣ್ಣಸನ್ನೆಯ ನಂಟು ಮಾತ್ರ. ನಂಟು ಸಡಿಲವಾಗಿದ್ದರೆ ತೂಗಾಟ ನಿಧಾನ, ಅಂದರೆ ಅದರ ಶಕ್ತಿ ಕಡಿಮೆ. ಜೋಡಿಗಳು ಒಡೆಯುವ ಶಕ್ತಿಗಿಂತ ಕೆಳಗೇ ಅದು ಉಳಿಯಬಲ್ಲದು.

ನಾಲ್ಕು ವರ್ಷ ಹಿಂದೆ, 1962ರಲ್ಲಿ, ಕೇಂಬ್ರಿಜ್‌ನ ಬ್ರಯನ್ ಜೋಸೆಫ್‌ಸನ್ ಎರಡು ಅತಿವಾಹಕಗಳ ನಡುವೆ ತೆಳುವಾದ ಪರದೆ ಇಟ್ಟರೆ ಅವುಗಳ ಹೊತ್ತಿನ ವ್ಯತ್ಯಾಸದಿಂದಲೇ ವಿದ್ಯುತ್ ಹರಿಯುತ್ತದೆ ಎಂದು ತೋರಿಸಿದ್ದರು. ಲೆಗೆಟ್ ಅವರದು ಒಂದು ಅರ್ಥದಲ್ಲಿ ಅದೇ ಆಟ, ಆದರೆ ಪರದೆಯಿಲ್ಲದೆ, ಒಂದೇ ಪದಾರ್ಥದ ಹೊಟ್ಟೆಯೊಳಗೆ.

ಲೆಕ್ಕ ಸರಿಯಿತ್ತು. ಅದನ್ನು ತೋರಿಸಲು ತಕ್ಕ ಪದಾರ್ಥ ಮಾತ್ರ ಇರಲಿಲ್ಲ.

ಲೆಗೆಟ್ ಕಾಯುತ್ತ ಕೂರಲಿಲ್ಲ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯಕ್ಕೆ ಬಂದರು. 1972ರಲ್ಲಿ ಹೀಲಿಯಂ-3 ಎಂಬ ದ್ರವದಲ್ಲಿ ವಿಚಿತ್ರ ವರ್ತನೆ ಕಂಡಾಗ ಅದರ ಒಗಟು ಬಿಡಿಸಿದವರಲ್ಲಿ ಮುಖ್ಯರಾದರು. 1983ರಲ್ಲಿ ಮತ್ತೆ ಅರ್ಬಾನಾ, ಈ ಸಲ ಪ್ರಾಧ್ಯಾಪಕರಾಗಿ. 2003ರಲ್ಲಿ ಅಬ್ರಿಕೊಸೋವ್ ಮತ್ತು ಗಿಂಜ್‌ಬರ್ಗ್ ಜೊತೆಗೆ ನೊಬೆಲ್ ಬಂದದ್ದು ಹೀಲಿಯಂ ಕೆಲಸಕ್ಕೇ. 1966ರ ಲೇಖನದ ತೂಗಾಟವನ್ನು ಆ ದಿನದವರೆಗೂ ಯಾರೂ ಬೆಳಕಿನಲ್ಲಿ ಹಿಡಿದು ತೋರಿಸಿರಲಿಲ್ಲ.

ಏಕೆ ಇಷ್ಟು ತಡ?

ಎರಡು ಕಾರಣ. ಒಂದು, ಎರಡು ಸಾಲುಗಳು ನಿಜವಾಗಿ ಬೇರೆಯಾಗಿ ಉಳಿಯಬೇಕು. ಮಾಮೂಲಿ ಲೋಹಗಳಲ್ಲಿ ಇರುವ ಕಲ್ಮಶಗಳು ಎಲೆಕ್ಟ್ರಾನುಗಳನ್ನು ಈ ಬ್ಯಾಂಡಿನಿಂದ ಆ ಬ್ಯಾಂಡಿಗೆ ಎತ್ತಿ ಎಸೆಯುತ್ತಲೇ ಇರುತ್ತವೆ. ಹಾಗಾದಾಗ ಸಾಲುಗಳ ಗುರುತೇ ಅಳಿಸಿ ಎಲ್ಲವೂ ಕಲಸುಮೇಲೋಗರ. ಎರಡು, ಈ ತೂಗಾಟದಲ್ಲಿ ಒಟ್ಟು ವಿದ್ಯುದಂಶ ಕದಲುವುದಿಲ್ಲವಾದ್ದರಿಂದ ಸಾಧಾರಣ ವಿದ್ಯುತ್ ಅಳತೆಗಳಿಗೆ ಅದು ಸುಲಭವಾಗಿ ಸಿಕ್ಕುವುದಿಲ್ಲ. ಯಾವ ಗುಣದಿಂದ ಅದು ಬದುಕಿತೋ ಅದೇ ಗುಣದಿಂದ ಅದು ಅಡಗಿತು.

ನಡುವೆ ಒಂದೆರಡು ಸುಳಿವು ಸಿಕ್ಕಿದ್ದವು. 1980ರಲ್ಲಿ ಬಿನಿಗ್, ಬೆಡ್ನೋರ್ಜ್ ಮತ್ತಿಬ್ಬರು ಸ್ಟ್ರಾಂಷಿಯಂ ಟೈಟನೇಟ್‌ನಲ್ಲಿ ಎರಡು ಗ್ಯಾಪ್ ಕಂಡರು. ಆ ಇಬ್ಬರಿಗೂ ಮುಂದೆ ಬೇರೆ ಬೇರೆ ಕೆಲಸಗಳಿಗೆ ನೊಬೆಲ್ ಬಂತು. ಮುಂಬಯಿಯ ಕೇಳುಗರಿಗೆ ಒಂದು ಹೆಮ್ಮೆಯ ಸಂಗತಿ: ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಾಗರಾಜನ್, ಗುಪ್ತ, ವಿಜಯರಾಘವನ್ ಮತ್ತು ಸಂಗಡಿಗರು ಇಟ್ರಿಯಂ, ನಿಕ್ಕಲ್, ಬೋರಾನ್, ಕಾರ್ಬನ್ ಬೆರೆತ ಪದಾರ್ಥ ಸುಮಾರು 12 ಕೆಲ್ವಿನ್‌ನಲ್ಲಿ ಅತಿವಾಹಕವಾಗುವುದನ್ನು 1994ರಲ್ಲಿ ಪ್ರಕಟಿಸಿದರು. ನಿಕ್ಕಲ್ಲಿನಂಥ ಲೋಹ ಇದ್ದೂ ಅಷ್ಟು ಉಷ್ಣತೆಯಲ್ಲಿ ಅತಿವಾಹಕತೆ ಬಂದದ್ದು ಜಗತ್ತಿಗೇ ಅಚ್ಚರಿ. ಆ ಕುಟುಂಬದ ಪದಾರ್ಥಗಳನ್ನೂ ಆಮೇಲೆ ಹಲವು ಬ್ಯಾಂಡಿನ ದೃಷ್ಟಿಯಿಂದಲೇ ವಿವರಿಸಲಾಯಿತು.

ಕಪಾಟಿನಲ್ಲಿದ್ದ ಪುಡಿ

ಕೊನೆಗೂ ತಕ್ಕ ಪದಾರ್ಥ ಸಿಕ್ಕಿದ್ದು 2001ರಲ್ಲಿ. ಸಿಕ್ಕಿದ ಬಗೆ ಕೇಳಿದರೆ ನಗು ಬರುತ್ತದೆ. ಮ್ಯಾಗ್ನೀಷಿಯಂ ಡೈಬೋರೈಡ್ ಎಂಬುದು 1950ರ ದಶಕದಿಂದಲೇ ಗೊತ್ತಿದ್ದ ಪುಡಿ. ರಾಸಾಯನಿಕ ಮಾರುವವರ ಕ್ಯಾಟಲಾಗಿನಲ್ಲಿತ್ತು. ಬೇಕಾದವರು ಹಣ ಕೊಟ್ಟು ತರಿಸಿಕೊಳ್ಳಬಹುದಿತ್ತು. ಅದನ್ನು ತಣ್ಣಗೆ ಮಾಡಿ ವಿದ್ಯುತ್ ಹರಿಸಿ ನೋಡಬೇಕೆಂದು ಯಾರಿಗೂ ತೋಚಿರಲಿಲ್ಲ. ಟೋಕಿಯೋದ ಅವೊಯಾಮಾ ಗಕುಯಿನ್ ವಿಶ್ವವಿದ್ಯಾಲಯದಲ್ಲಿ ಜುನ್ ಅಕಿಮಿತ್ಸು ಅವರ ತಂಡ ನೋಡಿತು. 39 ಕೆಲ್ವಿನ್‌ನಲ್ಲೇ, ಅಂದರೆ ಸೊನ್ನೆಗಿಂತ 234 ಡಿಗ್ರಿ ಕೆಳಗೆ, ಅದು ಅತಿವಾಹಕವಾಯಿತು! ಅಂಥ ಸರಳ ಪದಾರ್ಥಕ್ಕೆ ಯಾರೂ ನಿರೀಕ್ಷಿಸದಷ್ಟು ಹೆಚ್ಚಿನ ಉಷ್ಣತೆ ಅದು. ಜನವರಿಯಲ್ಲಿ ಸೆಂಡಾಯ್ ನಗರದ ಸಭೆಯಲ್ಲಿ ಸುದ್ದಿ ಹೊರಬಿತ್ತು, ಮಾರ್ಚ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಅಷ್ಟರಲ್ಲಿ ಪ್ರಪಂಚದ ಪ್ರಯೋಗಾಲಯಗಳೆಲ್ಲ ಕಪಾಟು ತೆರೆದು ಅದೇ ಪುಡಿಯನ್ನು ಹುಡುಕತೊಡಗಿದ್ದವು.

ಈ ಪದಾರ್ಥದಲ್ಲಿ ಬೋರಾನ್ ಪರಮಾಣುಗಳು ಜೇನುಗೂಡಿನ ಹಾಗೆ ಹಾಳೆ ಹಾಳೆಯಾಗಿ ಹಬ್ಬಿವೆ. ಹಾಳೆಗಳ ನಡುವೆ ಮ್ಯಾಗ್ನೀಷಿಯಂ. ಕೆಲವು ಎಲೆಕ್ಟ್ರಾನುಗಳು ಹಾಳೆಯ ಉದ್ದಗಲಕ್ಕೇ ಅಂಟಿಕೊಂಡಿವೆ, ಇವು ಸಿಗ್ಮಾ ಬ್ಯಾಂಡಿನವು. ಇನ್ನು ಕೆಲವು ಹಾಳೆಯ ಮೇಲೆ ಕೆಳಗೆ ಚಾಚಿಕೊಂಡಿವೆ, ಇವು ಪೈ ಬ್ಯಾಂಡಿನವು. ಎರಡರ ಆಕಾರವೇ ಬೇರೆಯಾದ್ದರಿಂದ ಕಲ್ಮಶಗಳೂ ಅವನ್ನು ಸುಲಭವಾಗಿ ಕಲಸಲಾರವು. ಸಿಗ್ಮಾ ಜೋಡಿಯನ್ನು ಒಡೆಯಲು ಸುಮಾರು 13ರಿಂದ 14 ಮಿಲಿ ಎಲೆಕ್ಟ್ರಾನ್ ವೋಲ್ಟ್ ಬೇಕು, ಪೈ ಜೋಡಿಗೆ 4ರಿಂದ 5 ಸಾಕು. ಗಟ್ಟಿ ಪೆಟ್ಟಿನ ಸಾಲು, ಮೆಲು ಪೆಟ್ಟಿನ ಸಾಲು. ಲೆಗೆಟ್ ಕಾಗದದ ಮೇಲೆ ಬರೆದಿದ್ದ ತಂಡ ಕಣ್ಣೆದುರು ನಿಂತಿತ್ತು.

ರಾಮನ್ ತೋರಿಸಿದ ದಾರಿ

ತಂಡ ಸಿಕ್ಕಿತು, ತೂಗಾಟವನ್ನು ಕಾಣುವುದು ಹೇಗೆ? ಇಲ್ಲಿ ನಮ್ಮವರೊಬ್ಬರ ಹೆಸರು ಬರುತ್ತದೆ. 1928ರ ಫೆಬ್ರವರಿ 28ರಂದು ಕಲ್ಕತ್ತದಲ್ಲಿ ಸಿ.ವಿ. ರಾಮನ್, ಕೆ.ಎಸ್. ಕೃಷ್ಣನ್ ಜೊತೆಗೂಡಿ ಕಂಡ ಬೆಳಕಿನ ಗುಣವೇ ರಾಮನ್ ಪರಿಣಾಮ. ಆ ದಿನವನ್ನೇ ನಾವು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುತ್ತೇವೆ. 1930ರಲ್ಲಿ ನೊಬೆಲ್ ಪಡೆದ ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದು, ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ, ಮುಂದೆ ತಮ್ಮದೇ ಸಂಸ್ಥೆ ಕಟ್ಟಿ, 1970ರಲ್ಲಿ ತೀರಿಕೊಳ್ಳುವವರೆಗೂ ಬೆಂಗಳೂರಿನವರೇ ಆಗಿದ್ದರು.

ಪದಾರ್ಥದ ಮೇಲೆ ಬೆಳಕು ಬಿದ್ದರೆ ಚದರುವ ಬೆಳಕಿನ ಬಹುಪಾಲು ಬಂದ ಬಣ್ಣದಲ್ಲೇ ಹಿಂದಿರುಗುತ್ತದೆ. ತೀರ ಸ್ವಲ್ಪ ಬೆಳಕು ಮಾತ್ರ ಒಳಗಿನ ಯಾವುದೋ ಕಂಪನಕ್ಕೆ ತನ್ನ ಶಕ್ತಿಯ ಒಂದು ಪಾಲು ಕೊಟ್ಟು, ಬಣ್ಣ ಕೊಂಚ ಬದಲಿಸಿಕೊಂಡು ಬರುತ್ತದೆ. ಎಷ್ಟು ಕೊಟ್ಟು ಬಂತು ಎಂದು ಅಳೆದರೆ ಒಳಗಿನ ಕಂಪನದ ಶಕ್ತಿ ತಿಳಿಯುತ್ತದೆ. ಎರಡು ಬ್ಯಾಂಡಿನ ಎಲೆಕ್ಟ್ರಾನುಗಳ ಮೇಲೆ ಬೆಳಕಿನ ಪರಿಣಾಮ ಒಂದೇ ಸಮನಾಗಿರುವುದಿಲ್ಲ. ಆದ್ದರಿಂದ ವಿದ್ಯುತ್ ಅಳತೆಗೆ ಸಿಕ್ಕದ ತೂಗಾಟ ರಾಮನ್ ಬೆಳಕಿಗೆ ಸಿಕ್ಕಬಲ್ಲದು.

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಗಿರ್ಶ್ ಬ್ಲುಮ್‌ಬರ್ಗ್ ಮತ್ತು ಸಂಗಡಿಗರು ಇದನ್ನೇ ಮಾಡಿದರು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಬೆಳೆಸಿದ ಮ್ಯಾಗ್ನೀಷಿಯಂ ಡೈಬೋರೈಡಿನ ಪುಟ್ಟ ಹರಳುಗಳನ್ನು ಚಳಿಗೆ ಇಳಿಸಿ ಲೇಸರ್ ಬೆಳಕು ಬಿಟ್ಟರು. ಹಿಂದಿರುಗಿದ ಬೆಳಕಿನಲ್ಲಿ 9.4 ಮಿಲಿ ಎಲೆಕ್ಟ್ರಾನ್ ವೋಲ್ಟ್ ಜಾಗದಲ್ಲಿ ಒಂದು ಉಬ್ಬು ಕಂಡಿತು. ಉಷ್ಣತೆ ಏರಿಸುತ್ತ ಹೋಗಿ ಅತಿವಾಹಕತೆ ಕಳೆದಾಗ ಉಬ್ಬೂ ಇಲ್ಲವಾಯಿತು. ಲೆಗೆಟ್ ಹೇಳಿದ ತೂಗಾಟ ಇದು ಎಂದು 2007ರಲ್ಲಿ ಅವರು ಪ್ರಕಟಿಸಿದರು. ಲೇಖಕರ ಪಟ್ಟಿಯಲ್ಲಿ ಇನ್ನೊಂದು ಹೆಸರಿತ್ತು: ಮೈಲ್ಸ್ ಕ್ಲೈನ್. 1980ರಲ್ಲಿ ಬಿರುಸಿನ ಕಂಪನದ ಗುರುತು ಕಂಡವರೇ, ಇಪ್ಪತ್ತೇಳು ವರ್ಷದ ಬಳಿಕ ಹೊತ್ತಿನ ತೂಗಾಟವನ್ನು ಕಂಡವರಲ್ಲೂ ಒಬ್ಬರು. ಲೆಗೆಟ್ ಮತ್ತು ಕ್ಲೈನ್ ಇಬ್ಬರೂ ಅರ್ಬಾನಾದವರೇ.

ಒಂದು ತೊಡಕೂ ಇತ್ತು. 9.4 ಎಂಬ ಅಂಕೆ ಪೈ ಜೋಡಿ ಒಡೆಯುವ ಶಕ್ತಿಗಿಂತ ಮೇಲೆ, ಸಿಗ್ಮಾ ಜೋಡಿ ಒಡೆಯುವ ಶಕ್ತಿಗಿಂತ ಕೆಳಗೆ ಬಿದ್ದಿದೆ. ತೂಗಾಟ ನಡೆಯುತ್ತಿದ್ದಂತೆಯೇ ಮೆಲು ಸಾಲಿನ ಜೋಡಿಗಳು ಒಡೆದು ಅದರ ಶಕ್ತಿಯನ್ನು ಸೋರಿಸಿಬಿಡುತ್ತವೆ. ಹಾಗಾಗಿ ಉಬ್ಬು ಚೂಪಾಗಿರದೆ ಅಗಲವಾಗಿತ್ತು. ಕ್ಲೈನ್ 2010ರಲ್ಲಿ ಇದರ ಸಿದ್ಧಾಂತವನ್ನು ವಿವರವಾಗಿ ಬರೆದರು. 2019ರಲ್ಲಿ ಸ್ವಿಟ್ಜರ್ಲೆಂಡ್, ಇಟಲಿಯ ವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಟೆರಾಹರ್ಟ್ಸ್ ತರಂಗದ ಗಾಢ ಮಿಡಿತ ಕೊಟ್ಟು ಆ ತೂಗಾಟವನ್ನು ತಾವೇ ಎಬ್ಬಿಸಿ, ಗಳಿಗೆ ಗಳಿಗೆಗೂ ಅದು ತೂಗುವುದನ್ನು ನೋಡಿದರು. ರೇಡಿಯೋ ತರಂಗದ ದೂರದ ಸಂಬಂಧಿಯೇ ಈ ಟೆರಾಹರ್ಟ್ಸ್ ತರಂಗ. ಕಂಪನಾಂಕ ಮಾತ್ರ ಬಹಳ ಹೆಚ್ಚು.

ಸಾಲುಗಳು ಹೆಚ್ಚಾದಾಗ

ಕಥೆ ಇಲ್ಲಿಗೆ ನಿಲ್ಲಲಿಲ್ಲ. 2008ರಲ್ಲಿ ಟೋಕಿಯೋದ ಹಿಡಿಯೋ ಹೊಸೊನೊ ತಂಡ ಕಬ್ಬಿಣ ಇರುವ ಪದಾರ್ಥವೊಂದು 26 ಕೆಲ್ವಿನ್‌ನಲ್ಲಿ ಅತಿವಾಹಕವಾಗುವುದನ್ನು ಪ್ರಕಟಿಸಿತು. ಕಬ್ಬಿಣದ ಈ ಕುಟುಂಬದಲ್ಲಿ ಬ್ಯಾಂಡುಗಳು ಎರಡಲ್ಲ, ಹಲವು. ಅವುಗಳಲ್ಲಿ ಒಂದು ಸಾಲು ಎಡಗಾಲು ಇಟ್ಟಾಗ ಇನ್ನೊಂದು ಸಾಲು ಬಲಗಾಲು ಇಡುತ್ತದೆ ಎಂಬುದು ಬಹಳ ಮಂದಿ ಒಪ್ಪುವ ವಿವರಣೆ. ತಾಳ ಒಂದೇ, ಹೆಜ್ಜೆ ಎದುರುಬದುರು.

ಸಾಲುಗಳು ಮೂರಾದರೆ ಇನ್ನೊಂದು ಪೇಚು. ಪ್ರತಿ ಸಾಲೂ ಉಳಿದೆರಡಕ್ಕೆ ಎದುರಾಗಿ ಹೆಜ್ಜೆ ಇಡಬೇಕೆಂದರೆ ಸಾಧ್ಯವೇ? ಎಡ, ಬಲ ಎರಡೇ ಇರುವುದು. ಆಗ ಮೂರೂ ರಾಜಿ ಮಾಡಿಕೊಂಡು ನಡುವಿನ ಯಾವುದೋ ಹೊತ್ತಿಗೆ ಹೆಜ್ಜೆ ಇಡುತ್ತವೆ, ಸಾಲುಗಳ ತೂಗಾಟ ಇನ್ನಷ್ಟು ಸಡಿಲವಾಗಬಹುದು ಎಂದು ಸಿದ್ಧಾಂತಿಗಳು ಹೇಳುತ್ತಾರೆ.

ಕಾಯುವಿಕೆಯ ಇನ್ನೊಂದು ಉದಾಹರಣೆಯೂ ಇದೇ ಕುಟುಂಬದಿಂದ ಬಂದಿದೆ. ಕಾಂತಬಲ ಅತಿವಾಹಕದೊಳಗೆ ನುಗ್ಗುವಾಗ ಸುಳಿಗಳ ರೂಪದಲ್ಲಿ, ಒಂದೊಂದು ಸುಳಿಗೆ ಗೊತ್ತಾದ ಒಂದು ಪೂರ್ಣ ಪಾಲಿನಂತೆ ನುಗ್ಗುತ್ತದೆ. ಎರಡು ಸಾಲು ಇದ್ದು, ಒಂದೇ ಸಾಲಿನಲ್ಲಿ ಸುಳಿ ಎದ್ದರೆ ಪಾಲು ಪೂರ್ಣವಾಗಿರದೆ ಮುರಿದ ಪಾಲಾಗಬಹುದು ಎಂದು ಎಗೊರ್ ಬಾಬಾಯೆವ್ 2002ರಲ್ಲಿ ಬರೆದರು. 2023ರಲ್ಲಿ ಅವರೂ ಇದ್ದ ಒಂದು ತಂಡ, ಅಮೆರಿಕದ ಸ್ಟ್ಯಾನ್‌ಫರ್ಡಿನ ಕ್ಯಾಥರಿನ್ ಮೋಲರ್ ಅವರ ಬಳಗದೊಂದಿಗೆ, ಕಬ್ಬಿಣದ ಅತಿವಾಹಕವೊಂದರಲ್ಲಿ ಅಂಥ ಮುರಿದ ಪಾಲಿನ ಸುಳಿಗಳನ್ನು ಕಂಡದ್ದಾಗಿ ಪ್ರಕಟಿಸಿತು. ಇಲ್ಲಿ ಕಾದದ್ದು ಇಪ್ಪತ್ತೊಂದು ವರ್ಷ.

ಇದರಿಂದ ಏನು ಬಂತು?

ಅತಿವಾಹಕಗಳಿಂದ ಬಂದದ್ದು ಬಹಳ. ಎಂ.ಆರ್.ಐ. ಸ್ಕ್ಯಾನ್ ಮಾಡಿಸಿಕೊಂಡವರು ನಿಮ್ಮ ಮನೆಯಲ್ಲೂ ಇರಬಹುದು. ಆಸ್ಪತ್ರೆಗಳ ದೊಡ್ಡ ಎಂ.ಆರ್.ಐ. ಯಂತ್ರಗಳ ಕಾಂತ ಸಾಮಾನ್ಯವಾಗಿ ಹೀಲಿಯಂ ಚಳಿಯಲ್ಲಿಟ್ಟ ಅತಿವಾಹಕ ತಂತಿಯದು. ಮ್ಯಾಗ್ನೀಷಿಯಂ ಡೈಬೋರೈಡಿನಿಂದಲೂ ಉಪಯೋಗವಿದೆ. ಜಿನೀವಾದ ಸರ್ನ್ ಸಂಸ್ಥೆಯಲ್ಲಿ 2014ರಲ್ಲಿ ಅದರ ತಂತಿಗಳ ಕೇಬಲಿನಲ್ಲಿ 20,000 ಆಂಪಿಯರ್ ವಿದ್ಯುತ್ತನ್ನು 24 ಕೆಲ್ವಿನ್ ಚಳಿಯಲ್ಲಿ ಹರಿಸಿದರು.

ಆದರೆ ಲೆಗೆಟ್ ತೂಗಾಟದಿಂದ ನೇರವಾಗಿ ಯಾವ ಯಂತ್ರವೂ ನಡೆಯುತ್ತಿಲ್ಲ. ಅದು ಎರಡು ಸಾಲುಗಳ ನಡುವಿನ ನಂಟು ಎಷ್ಟು ಬಿಗಿ, ಎಷ್ಟು ಸಡಿಲ ಎಂದು ತಿಳಿಸುತ್ತದೆ, ಅಷ್ಟೇ. ಹೊಸ ಅತಿವಾಹಕವೊಂದು ಸಿಕ್ಕಿದಾಗ ಅದರೊಳಗೆ ಯಾರು ಯಾರ ಜೊತೆ ಕುಣಿಯುತ್ತಿದ್ದಾರೆ ಎಂದು ತಿಳಿಯದೆ ಅದಕ್ಕಿಂತ ಒಳ್ಳೆಯದನ್ನು ಹುಡುಕುವುದು ಕಷ್ಟ. ಹಾಗಾಗಿ ಆ 'ಅಷ್ಟೇ' ಸಣ್ಣದಲ್ಲ.

ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಬೇರೆ. 1966ರಲ್ಲಿ ಆ ಲೇಖನ ಅಚ್ಚಾದಾಗ ಅದನ್ನು ನಿಜವೆಂದು ತೋರಿಸುವ ಪುಡಿ ಆಗಲೇ ಕಪಾಟಿನಲ್ಲಿ ಕೂತಿತ್ತು. ಅದನ್ನು ಕಾಣಿಸುವ ಬೆಳಕಿನ ಉಪಾಯ ಮೂವತ್ತೆಂಟು ವರ್ಷ ಹಳೆಯದಾಗಿತ್ತು. ಲೇಸರ್ ಕೂಡ ಬಂದಿತ್ತು. ಲೆಕ್ಕ, ಪುಡಿ, ಬೆಳಕು ಎಲ್ಲವೂ ಇದ್ದವು, ಬೇರೆ ಬೇರೆ ಊರುಗಳಲ್ಲಿ. ಒಂದರ ವಿಷಯ ಇನ್ನೊಂದಕ್ಕೆ ಗೊತ್ತಿರಲಿಲ್ಲ. ಅವು ಒಂದೆಡೆ ಸೇರಿದ್ದು ಯಾರೂ ಕೇಳದಿದ್ದಾಗಲೂ ಒಬ್ಬ ತರುಣ ತನ್ನ ಲೆಕ್ಕವನ್ನು ತಿಳಿಯಾಗಿ ಬರೆದಿಟ್ಟದ್ದರಿಂದ, ಒಂದು ಪತ್ರಿಕೆ ಅದನ್ನು ಅಚ್ಚು ಮಾಡಿ ಕಾಪಾಡಿದ್ದರಿಂದ.

ನಿಮ್ಮ ಮನೆಯಲ್ಲಿ ಕಾಲೇಜು ಓದುವ ಮಕ್ಕಳಿದ್ದರೆ ಈ ಪುಟ ಅವರ ಕೈಗೆ ಕೊಡಿ. ಆರ್ಟ್ಸ್ ಓದುವವರಿಗೆ ಲೆಗೆಟ್ ಎರಡು ಪದವಿ ಓದಿದ್ದನ್ನು ಹೇಳಿ, ಸೈನ್ಸ್ ಓದುವವರಿಗೆ ಕಪಾಟಿನ ಪುಡಿಯ ವಿಷಯ ಹೇಳಿ. ಫೆಬ್ರವರಿ 28 ಬಂದಾಗ ರಾಮನ್ ಹೆಸರಿನ ಜೊತೆ ಈ ತೂಗಾಟವನ್ನೂ ಒಮ್ಮೆ ನೆನೆಯಿರಿ.